20ನೇ ತಾರೀಖಿಗೇ ಜೇಬು ಖಾಲಿ, ಎಲ್ಲಿ ಕೈ ಬಿಗಿ ಹಿಡಿಯಲಿ?

ಪೀಣ್ಯ ಶಿಫ್ಟ್: ಕೈಗೆ ಬರುವುದು 28,000. ಕೆಲಸ ಪೀಣ್ಯದಲ್ಲಿ, ಬಾಡಿಗೆ ಮನೆ ಕೆಂಗೇರಿಯಲ್ಲಿ. ನಾನು, ಹೆಂಡತಿ, ಒಂದನೇ ಕ್ಲಾಸಿನ ಮಗಳು. ಬಾಡಿಗೆ 8,500, ಬೈಕ್ ಕಂತು 3,200, ಫೋನ್ ಕಂತು 1,700, ಪೆಟ್ರೋಲ್ 2,200, ದಿನಸಿ ಹಾಲು ತರಕಾರಿ ಎಲ್ಲ ಸೇರಿ 6,500, ಸ್ಕೂಲು ವ್ಯಾನು 2,300, ಊರಲ್ಲಿರುವ ಅಪ್ಪ ಅಮ್ಮನಿಗೆ 2,000, ರೀಚಾರ್ಜ್ 600. 20ನೇ ತಾರೀಖು ಬಂದರೆ ಸಾಕು, ಈ ಸಲ ಯಾರ ಹತ್ರ ಕೈಸಾಲ ಕೇಳೋದು ಅಂತ ಯೋಚನೆ ಶುರು. ತಿಂಗಳಿಗೆ 2,000 ಆದರೂ ಉಳಿಸಬೇಕು. ಎಲ್ಲಿ ಕತ್ತರಿ ಹಾಕಲಿ? ಅಪ್ಪ ಅಮ್ಮನ ದುಡ್ಡಿಗೆ ಮಾತ್ರ ಕೈ ಹಾಕಲ್ಲ, ಅದು ಬಿಟ್ಟು ಹೇಳಿ.

ಮಂಡ್ಯದ ಮಾವ: ಮೊದಲು ಹೊರಗಿನ ಟೀ ನಿಲ್ಲಿಸಪ್ಪ. ದಿನಕ್ಕೆ ಎರಡು, ಒಂದಕ್ಕೆ 15 ರೂಪಾಯಿ ಅಂದರೆ 26 ದಿನಕ್ಕೆ 780. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ಉಪ್ಪಿಟ್ಟು ವಿರೋಧಿ: ಹಾಸಿಗೆಯೇ ಎರಡಡಿ ಇದ್ದರೆ ಕಾಲನ್ನು ಮಡಚಿ ಎಲ್ಲಿಡುವುದು ಮಾವ? ಎಂಟು ಗಂಟೆ ಮಿಷನ್ ಮುಂದೆ ನಿಲ್ಲುವವನಿಗೆ ಟೀ ಅಂದರೆ ಕೂತುಕೊಳ್ಳಲು ಸಿಗುವ ಹತ್ತು ನಿಮಿಷ. ಅದನ್ನೂ ಕಿತ್ಕೊಂಡರೆ ಮೂರನೇ ವಾರ ತಲೆಕೆಟ್ಟು ಒಂದೇ ಸಲ ಬಿರಿಯಾನಿಗೆ 600 ಕೊಡುತ್ತಾನೆ. ನನ್ನ ಅನುಭವ ಇದು. ಬೈಕ್ ಬಿಟ್ಟು ಮೆಟ್ರೊ ನೋಡಿ.

ಪೀಣ್ಯ ಶಿಫ್ಟ್: ನೋಡಿದೆ ಸರ್. 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ, ಮೆಜೆಸ್ಟಿಕ್‌ನಲ್ಲಿ ಬದಲಿಸಿ ಸುತ್ತಿ ಹೋಗಿ ಬಂದರೆ ಪೆಟ್ರೋಲಿಗಿಂತ ಜಾಸ್ತಿ ಆಗುತ್ತದೆ. ಬಿಎಂಟಿಸಿ ಪಾಸ್ 1,200, ಅದು ಅಗ್ಗ. ಆದರೆ ಫಸ್ಟ್ ಶಿಫ್ಟ್ ಬೆಳಿಗ್ಗೆ 6ಕ್ಕೆ, ಅಷ್ಟೊತ್ತಿಗೆ ಬಸ್ಸು ನಂಬಿಕೊಂಡು ಹೋಗೋಕಾಗಲ್ಲ. ಲೇಟಾದರೆ ಅರ್ಧ ದಿನದ ಸಂಬಳ ಹೋಗುತ್ತದೆ.

ಅಡುಗೆಮನೆ ಅಕೌಂಟೆಂಟ್: ಮೂರು ಜನಕ್ಕೆ 6,500 ಅಂದರೆ ಈಗಾಗಲೇ ಬಿಗಿಯಾಗಿಯೇ ನಡೆಸುತ್ತಿದ್ದಾರೆ ನಿಮ್ಮ ಮನೆಯವರು. ಹಾಲೇ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತು. ಅಲ್ಲಿ ಇನ್ನೂ ಹಿಂಡಿದರೆ ಮೊದಲು ಕಡಿಮೆಯಾಗುವುದು ಅವರ ತಟ್ಟೆಯದ್ದೇ. ನಾನು ಮಾಡಿದ ಒಂದೇ ಬದಲಾವಣೆ ಹೇಳುತ್ತೇನೆ. ದಿನಾ ತೊಗರಿಬೇಳೆ ಬಿಟ್ಟು ವಾರಕ್ಕೆ ಎರಡು ದಿನ ಹುರುಳಿಕಾಳಿನ ಬಸ್ಸಾರು. ರಾತ್ರಿ ನೆನೆಸಿ, ಬೆಳಿಗ್ಗೆ ಸೊಪ್ಪಿನ ಜೊತೆ ಕುಕ್ಕರಿಗೆ. ಬಸಿದ ಕಟ್ಟು ಸಾರಿಗೆ, ಉಳಿದ ಕಾಳು ಸೊಪ್ಪು ಒಗ್ಗರಣೆ ಹಾಕಿ ಪಲ್ಯ. ಒಂದು ಕುಕ್ಕರಿನಲ್ಲಿ ಎರಡು ಅಡುಗೆ, ಗ್ಯಾಸೂ ಉಳಿತಾಯ. ಸಾರು ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಆದರೆ ಇದರಿಂದ 2,000 ಉಳಿಯಲ್ಲ, ಸುಳ್ಳು ಹೇಳಲ್ಲ. 200, 250 ಉಳಿದರೆ ಹೆಚ್ಚು.

ಮಂಡ್ಯದ ಮಾವ: ಈರುಳ್ಳಿ, ಆಲೂಗಡ್ಡೆ ಯಶವಂತಪುರ ಯಾರ್ಡ್‌ನಲ್ಲಿ ಹತ್ತತ್ತು ಕೆಜಿ ತರಲಿ. ಡ್ಯೂಟಿ ಮುಗಿಸಿ ಬರುವ ದಾರಿಯಿಂದ ದೂರವೇನಿಲ್ಲ.

ಅಡುಗೆಮನೆ ಅಕೌಂಟೆಂಟ್: ತಂದಿದ್ದೆ. ಗಾಳಿ ಆಡದ ಒಂದು ರೂಮಿನ ಮನೆ, ಮಳೆಗಾಲ. ಮೂರು ಕೆಜಿ ಕೊಳೆತು ವಾಸನೆ ಹೊಡೆದು ಓನರ್ ಆಂಟಿ ಬಂದು ಕೇಳಿದರು ಏನಮ್ಮ ಅಂತ 😄

ಹುಬ್ಬಳ್ಳಿ ಮಂದಿ: ಕರೆಂಟ್ ಫ್ರೀ ಐತಲ್ರಿ, ಇಂಡಕ್ಷನ್ ಒಲೆ ತಗೊಳ್ರಿ. ಗ್ಯಾಸ್ ದುಡ್ಡು ಪೂರ್ತಿ ಉಳೀತದ.

ಬಾಕಿ ಪುಸ್ತಕ: ಆಗಲ್ಲ ಸರ್. ಗೃಹಜ್ಯೋತಿ ಅಂದರೆ ಎಲ್ಲರಿಗೂ ಸುಮ್ನೆ 200 ಯೂನಿಟ್ ಫ್ರೀ ಅಂತಲ್ಲ. ನಿಮ್ಮ ಹಳೇ ಸರಾಸರಿಗೆ ಸ್ವಲ್ಪ ಸೇರಿಸಿ ಒಂದು ಮಿತಿ ಹಾಕಿರುತ್ತಾರೆ, ಅದರ ಮೇಲೆ ಉರಿಸಿದ್ದಕ್ಕೆ ನೀವೇ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮ ತಲೆಗೆ. ಮೊದಲು ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟಿದೆ ನೋಡಿ, ಆಮೇಲೆ ಒಲೆ.

ಅದಿರಲಿ, ಪೀಣ್ಯದವರಿಗೆ ಒಂದು ಪ್ರಶ್ನೆ. ನೀವು ಬರೆದಿದ್ದನ್ನು ಕೂಡಿಸಿದರೆ 27,000. ಗ್ಯಾಸ್ ಸೇರಿಸಿಲ್ಲ, ಎರಡು ತಿಂಗಳಿಗೆ ಒಂದು ಸಿಲಿಂಡರ್ ಅಂದರೂ ತಿಂಗಳಿಗೆ 450 ಹತ್ರ. ಆದರೂ ಇನ್ನೂ 500 ಉಳಿಯಬೇಕಲ್ಲ. ಮತ್ತೆ ಕೈಸಾಲ ಯಾಕೆ? ಏನೋ ಒಂದು ಬಿಟ್ಟಿದ್ದೀರಿ ಅನಿಸುತ್ತದೆ.

ಪೀಣ್ಯ ಶಿಫ್ಟ್: ಬಿಟ್ಟಿದ್ದೇನೆ. ಬರೆಯೋಕೆ ನಾಚಿಕೆ ಆಯಿತು. ಹೋದ ವರ್ಷ ಮಗಳಿಗೆ ಹುಷಾರಿಲ್ಲದಾಗ ಕ್ರೆಡಿಟ್ ಕಾರ್ಡ್ ಉಜ್ಜಿದ್ದು. 18,000 ಬಾಕಿ. ಪ್ರತಿ ತಿಂಗಳು ಮಿನಿಮಮ್ 900 ತಪ್ಪದೆ ಕಟ್ಟುತ್ತಿದ್ದೇನೆ, ಆದರೂ ಕರಗುತ್ತಿಲ್ಲ. ಕೈ ಖಾಲಿಯಾದಾಗ ಅದರಲ್ಲೇ ಪೆಟ್ರೋಲೂ ಹಾಕಿಸುತ್ತೇನೆ.

ಬಾಕಿ ಪುಸ್ತಕ: ನಾಚಿಕೆ ಪಡಬೇಡಿ, ನಾನೂ ಎರಡು ವರ್ಷ ಅದೇ ಗುಂಡಿಯಲ್ಲಿದ್ದೆ. ಅನೇಕ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಹತ್ರ. 18,000ಕ್ಕೆ 630. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 113. ನೀವು ಕಟ್ಟುವ 900ರಲ್ಲಿ 743 ಹೀಗೇ ಹೋಯಿತು. ಅಸಲಿಗೆ ಹೋಗಿದ್ದು 157 ರೂಪಾಯಿ. ಹಳೇ ಬಾಕಿ ಇದ್ದಾಗ ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿಂದಲೇ ಬಡ್ಡಿ, ಪೆಟ್ರೋಲಿಗೂ ಸೇರಿ. ಟೀ, ಈರುಳ್ಳಿ ಎಲ್ಲ ಆಮೇಲೆ.

ಹುಬ್ಬಳ್ಳಿ ಮಂದಿ: ಪೋಸ್ಟ್ ಆಫೀಸಿನಾಗ ತಿಂಗಳಾ ತಿಂಗಳಾ ಇಷ್ಟಿಷ್ಟು ಕಟ್ಟೋ ಆರ್‌ಡಿ ಮಾಡ್ರಿ, 100 ರೂಪಾಯಿಂದ ಶುರು ಮಾಡಬಹುದು. ಉಳಿಸೋ ಅಭ್ಯಾಸ ಆಗ್ತದ.

ಬಾಕಿ ಪುಸ್ತಕ: ಆರ್‌ಡಿಯಲ್ಲಿ ಸಿಗುವುದು ವರ್ಷಕ್ಕೆ 6.7 ಆಸುಪಾಸು. ಕಾರ್ಡಿಗೆ ಕೊಡುವುದು 42. ತೂತು ಬಿದ್ದ ಕೊಡಕ್ಕೆ ನೀರು ಹೊತ್ತ ಹಾಗಾಗುತ್ತದೆ. ಬ್ಯಾಂಕಿನಲ್ಲಿ ಒಡವೆ ಇಟ್ಟು 18,000 ತಗೊಂಡು ಕಾರ್ಡನ್ನು ಒಂದೇ ಏಟಿಗೆ ತೀರಿಸಿ. ವರ್ಷಕ್ಕೆ 10 ಪರ್ಸೆಂಟ್ ಹಿಡಿದರೂ ತಿಂಗಳಿಗೆ ಬಡ್ಡಿ 150.

ಅಡುಗೆಮನೆ ಅಕೌಂಟೆಂಟ್: ಬಂತಲ್ಲ ಕೊನೆಗೆ ಹೆಂಡತಿ ಒಡವೆಗೆ! ಉಜ್ಜಿದ್ದು ಯಾರೋ, ಕಿವಿ ಬರಿದು ಮಾಡಿಕೊಳ್ಳುವವರು ಇನ್ಯಾರೋ. ನಮ್ಮಮ್ಮನ ಬಳೆ 2009ರಲ್ಲಿ ಹೀಗೇ "ಮೂರು ತಿಂಗಳಷ್ಟೇ" ಅಂತ ಹೋಗಿದ್ದು, ವಾಪಸ್ ಬರಲೇ ಇಲ್ಲ. ಈಗಿನ ಚಿನ್ನದ ರೇಟಿಗೆ 18,000ಕ್ಕೆ ಒಂದು ಉಂಗುರ ಸಾಕು. ನಿಮ್ಮ ಬೆರಳಲ್ಲಿ ಇಲ್ವಾ?

ಪೀಣ್ಯ ಶಿಫ್ಟ್: ಇದೆ ಮೇಡಂ. ಮದುವೆಯಲ್ಲಿ ಮಾವ ಹಾಕಿದ್ದು, ನಾಲ್ಕು ಗ್ರಾಂ.

ಮಂಡ್ಯದ ಮಾವ: ಮಾವ ಕೊಟ್ಟ ಉಂಗುರ ಅಡ ಇಡೋದಾ? ಬೀಗರಿಗೆ ಗೊತ್ತಾದರೆ?

ಉಪ್ಪಿಟ್ಟು ವಿರೋಧಿ: ಕೈಸಾಲ ಕೇಳುವುದು ಗೊತ್ತಾದರೆ ಇನ್ನೂ ಚೆನ್ನಾಗಿರುತ್ತದಾ ಮಾವ?

ಬಾಕಿ ಪುಸ್ತಕ: ಬೈಕ್‌ನಲ್ಲಿ ಹೋಗಿ ಬರುವಾಗ ಬೆರಳಿಗಿಂತ ಬ್ಯಾಂಕ್ ಲಾಕರಿನಲ್ಲೇ ಅದು ಭದ್ರ. ಅಮ್ಮನ ಬಳೆ ಕಥೆ ನಿಮಗೂ ಆಗಬಾರದು ಅಂದರೆ ಈಗ ಕಟ್ಟುವ 900 ಜೊತೆ ಇನ್ನೊಂದಷ್ಟು ಸೇರಿಸಿ ಪ್ರತಿ ತಿಂಗಳು ಅಸಲಿಗೇ ಕಟ್ಟಿ. ಫೋನ್ ಕಂತು ಯಾವಾಗ ಮುಗಿಯುತ್ತದೆ?

ಪೀಣ್ಯ ಶಿಫ್ಟ್: ಇನ್ನು ನಾಲ್ಕು.

ಬಾಕಿ ಪುಸ್ತಕ: ಹಾಗಾದರೆ ಐದನೇ ತಿಂಗಳಿಂದ ಆ 1,700ನ್ನೂ ಅಲ್ಲಿಗೇ ತಿರುಗಿಸಿ. ವರ್ಷದೊಳಗೆ ಉಂಗುರ ಬಿಡಿಸಬಹುದು. ಆಮೇಲೆ ಬೇಕಾದರೆ ಹುಬ್ಬಳ್ಳಿಯವರ ಆರ್‌ಡಿ.

ಪೀಣ್ಯ ಶಿಫ್ಟ್: ಇದನ್ನೆಲ್ಲ ಹೆಂಡತಿಗೂ ಓದಿ ಹೇಳಿದೆ. ಕಾರ್ಡ್ ವಿಷಯ ಇಷ್ಟಿದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಕೊಬ್ಬರಿ ಎಣ್ಣೆ ಬಾಟಲಿ ತಂದು ಮುಂದಿಟ್ಟಳು. ಏಳು ವರ್ಷದಿಂದ ತೆಗೆದಿಲ್ಲ, ಬೆರಳಿನ ಗೆಣ್ಣು ದಾಟುತ್ತಿಲ್ಲ ಉಂಗುರ.

ಅಡುಗೆಮನೆ ಅಕೌಂಟೆಂಟ್: ಎಣ್ಣೆ ಬೇಡ, ಸೋಪಿನ ನೀರಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟು ತಿರುಗಿಸಿ. ಬ್ಯಾಂಕಿನಲ್ಲಿ ಚಿನ್ನ ತೂಗಿ ನೋಡುವ ಚಾರ್ಜ್ ಎಷ್ಟು ಅಂತ ಮೊದಲೇ ಕೇಳಿ. ರಸೀದಿ ನಿಮ್ಮ ಮನೆಯವರ ಕೈಗೆ ಕೊಡಿ.