ಓರೆಯಾಗಿ ತಿರುಗಿದ ಬಿರುಕಿಗೆ ನೇರ ಬಿರುಕಿನ ಲೆಕ್ಕ ಸಾಕಾ?

ಆಲೆಮನೆ ಹುಡುಗಿ, ಮಂಡ್ಯ
ಮೈಸೂರಲ್ಲಿ ಎಂ.ಟೆಕ್ ಓದುತ್ತಿದ್ದೇನೆ. ಊರಲ್ಲಿ ನಮ್ಮದು ಆಲೆಮನೆ. ಗಾಣದ ಶಾಫ್ಟ್ ಬೇರಿಂಗ್ ಪಕ್ಕದಲ್ಲೇ ಮುರಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೇ ಫಟೀಗ್ ಬಿರುಕನ್ನೇ (ಲೋಡ್ ಮತ್ತೆ ಮತ್ತೆ ಬಿದ್ದು ಬೆಳೆಯುವ ಬಿರುಕು) ಪ್ರಾಜೆಕ್ಟಿಗೆ ತಗೊಂಡೆ. ಶಾಫ್ಟ್ ಉಕ್ಕಿನಿಂದ ಮಾಡಿದ ಸ್ಯಾಂಪಲ್ಲಿಗೆ ಎಳೆದು ಬಿಡುವ ಲೋಡ್ ಕೊಟ್ಟೆವು. ಬಿರುಕು ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಸುಮಾರು 45 ಡಿಗ್ರಿ ಓರೆಗೆ ತಿರುಗಿತು. ಬಿರುಕು ಬೆಳೆಯುವ ವೇಗ ಹೇಳುವ ಪ್ಯಾರಿಸ್ ಸೂತ್ರಕ್ಕೆ ನೇರ ಬಿರುಕಿನ ಕೆ (ತುದಿಯಲ್ಲಿ ಒತ್ತಡ ಎಷ್ಟು ತೀವ್ರ ಎಂಬ ಅಳತೆ) ಹಾಕಿದರೆ ವೇಗ ತುಂಬಾ ಜಾಸ್ತಿ ಬರುತ್ತದೆ. ಮೆಷಿನ್ನಲ್ಲಿ ಬಿರುಕು ಅರ್ಧದಷ್ಟೂ ಓಡುತ್ತಿಲ್ಲ. ಸೂತ್ರದಲ್ಲಿ ಕೆ ಮೇಲಿನ ಘಾತ ಎಂ ಬೆಲೆ 3. ಏನು ಬಿಟ್ಟುಹೋಗಿದೆ?

ಕುವೆಂಪುನಗರದ ಮೇಷ್ಟ್ರು
ನೋಡಮ್ಮ, ತಿರುಗಿದ ತುದಿಗೆ ಪೂರ್ತಿ ಕೆ ತಲುಪುವುದೇ ಇಲ್ಲ. ತಿರುಗಿದ ಭಾಗದ ಉದ್ದ ಚಿಕ್ಕದಿದ್ದಾಗ ಕಾಟರೆಲ್ ಮತ್ತು ರೈಸ್ ಎಂಬ ಸಂಶೋಧಕರು 1980ರಲ್ಲಿ ಕೊಟ್ಟ ಲೆಕ್ಕ ಸಾಕು. ಬಾಯಿ ತೆರೆಯುವ ಭಾಗಕ್ಕೆ ಕೆಯನ್ನು ಅರ್ಧ ಕೋನದ ಕಾಸ್ ಘನದಿಂದ ಗುಣಿಸು. ಜಾರುವ ಭಾಗಕ್ಕೆ ಅದೇ ಅರ್ಧ ಕೋನದ ಸೈನ್ ಮತ್ತು ಕಾಸ್ ವರ್ಗದಿಂದ. 45 ಡಿಗ್ರಿಗೆ 0.79, 0.33 ಬರುತ್ತವೆ. ಎರಡರ ವರ್ಗ ಕೂಡಿಸಿ ಮೂಲ ತೆಗೆದರೆ 0.85. ನಿನ್ನ ಎಂ 3 ಆದ್ದರಿಂದ ಅದರ ಘನ ತೆಗೆ: 0.62. ಓರೆ ದಾರಿಯಲ್ಲಿ ಬಿರುಕಿನ ವೇಗ ಅಷ್ಟಕ್ಕೆ ಇಳಿಯುತ್ತದೆ.

ಮೈಕ್ರೋಸ್ಕೋಪಿನಲ್ಲಿ ಮುಂದಕ್ಕೆ ಮಾತ್ರ ಅಳೆಯುತ್ತಿದ್ದೀಯಾ? ಹಾಗಿದ್ದರೆ ಕಾಸ್ 45ರಿಂದ ಮತ್ತೆ ಗುಣಿಸು: 0.44.

ಅದಕ್ಕಿಂತಲೂ ನಿಧಾನವಾದರೆ ಬಿರುಕಿನ ಎರಡು ಮುಖ ಒಂದಕ್ಕೊಂದು ತಗುಲುತ್ತಿರಬೇಕು. ಲೋಡ್ ಪೂರ್ತಿ ಇಳಿಯುವ ಮೊದಲೇ ಬಿರುಕು ಮುಚ್ಚಿಕೊಳ್ಳುತ್ತದೆ ಎಂದು ಎಲ್ಬರ್ 1970ರಲ್ಲೇ ತೋರಿಸಿದ್ದರು. ಓರೆ ಮುಖಗಳು ಜಾರಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಮುಖಗಳು ತಗುಲದಂತೆ ಕನಿಷ್ಠ ಲೋಡನ್ನು ಗರಿಷ್ಠದ ಅರ್ಧಕ್ಕೆ ಏರಿಸಿ ಒಂದು ಪರೀಕ್ಷೆ ಮಾಡು. ಆಗ ಲೆಕ್ಕ ಕೂಡಿಬಂದರೆ ಉಳಿದ ವ್ಯತ್ಯಾಸ ಈ ಮುಚ್ಚುವಿಕೆಯದೇ.

ಲೇತ್ ಅಂಗಡಿ, ಮದ್ದೂರು ರಸ್ತೆ
ತಂಗಿ, ಗಾಣದ ಶಾಫ್ಟಿಗೆ ಬಾಗುವ ಬಲದ ಜೊತೆ ತಿರುಚುವ ಬಲವೂ ಇರುತ್ತೆ, ಅಲ್ವಾ? ನಿಮ್ಮ ಸ್ಯಾಂಪಲ್ಲಿನಲ್ಲಿ ಅದಿಲ್ಲ. ನಮ್ಮಲ್ಲಿಗೆ ಬರುವ ಶಾಫ್ಟುಗಳಲ್ಲಿ ಕೀ-ವೇ (ಕೀ ಕೂರಿಸುವ ತೋಡು) ಮೂಲೆಯಿಂದ ಬಿರುಕು ಓರೆಯಾಗಿಯೇ ಹೊರಡುತ್ತದೆ. ಲೆಕ್ಕದಲ್ಲಿ ನಿಧಾನ ಅಂತ ಅಂಥ ಶಾಫ್ಟನ್ನು ಸುಮ್ನೆ ಓಡಿಸಬೇಡಿ. ಕಬ್ಬು ತುಂಬುವವರ ಕೈ ರೋಲರ್ ಪಕ್ಕದಲ್ಲೇ ಇರುತ್ತದೆ.

ಆಲೆಮನೆ ಹುಡುಗಿ
ಹೌದಣ್ಣ, ಮನೆಗೂ ಹೇಳುತ್ತೇನೆ. ಸರ್, ಅಳತೆ ಮುಂದಕ್ಕೆ ಮಾತ್ರ ಇದೆ. 0.44 ಹತ್ತಿರಹತ್ತಿರ ಕೂಡಿಬರುತ್ತಿದೆ! ತಿರುವು ಉದ್ದವಾದ ಮೇಲೆ ಏನು ಮಾಡಲಿ?

ಕುವೆಂಪುನಗರದ ಮೇಷ್ಟ್ರು
ಆಗ ಈ ಸೂತ್ರ ಬಿಟ್ಟು ಫೈನೈಟ್ ಎಲಿಮೆಂಟಿಗೆ (ಸ್ಯಾಂಪಲ್ಲನ್ನು ಚಿಕ್ಕ ಚಿಕ್ಕ ತುಂಡಾಗಿಸಿ ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ) ಹೋಗು. ಪ್ರತಿ ಹೆಜ್ಜೆಯಲ್ಲೂ ತುದಿಯ ಎರಡೂ ಕೆ, ಅಂದರೆ ತೆರೆಯುವುದು ಮತ್ತು ಜಾರುವುದು, ತೆಗೆ. ದಿಕ್ಕನ್ನು ಎರ್ಡೊಗನ್ ಮತ್ತು ಸಿಹ್ 1963ರ ನಿಯಮದಿಂದ ಹಿಡಿ: ಎಳೆತ ಅತಿ ಹೆಚ್ಚಿರುವ ದಿಕ್ಕಿಗೆ ಅಡ್ಡವಾಗಿ ಬಿರುಕು ಹೋಗುತ್ತದೆ. ಹೆಜ್ಜೆ ದೊಡ್ಡದಾದರೆ ದಾರಿ ಸುಳ್ಳು ಅಂಕುಡೊಂಕಾಗುತ್ತದೆ. ಅರ್ಧ ಹೆಜ್ಜೆ ಇಟ್ಟರೂ ದಾರಿ ಬದಲಾಗದಿದ್ದರೆ ಸಾಕು. ಇನ್ನೊಂದು ಮಾತು. ಬರೀ ಎಳೆತ ಇದ್ದರೆ ಬಿರುಕು ಜಾರುವ ಭಾಗ ಸೊನ್ನೆಯಾಗುವ ಕಡೆಗೆ, ಅಂದರೆ ನೇರಕ್ಕೆ, ವಾಪಸ್ ತಿರುಗಬೇಕು. ನಿನ್ನದು 45ರಲ್ಲೇ ಉಳಿದಿದ್ದರೆ ಮೊದಲು ಸ್ಯಾಂಪಲ್ ಹಿಡಿದ ಪಿನ್ನುಗಳು ಒಂದೇ ಗೆರೆಯಲ್ಲಿವೆಯಾ ನೋಡು.