ಎರಡೇ ದಿನದಲ್ಲಿ ಮಂಗಳ ಮುಟ್ಟುವ ನೌಕೆ: ನನ್ನ ಕಥೆಯ ಎಂಜಿನ್ನಿನಲ್ಲಿ ದೋಷವೆಲ್ಲಿದೆ?

ಪ್ರಶ್ನೆ (ಧಾರವಾಡ)
ನನ್ನ ವಿಜ್ಞಾನ ಕಥೆಯಲ್ಲಿ ನೂರು ಟನ್ನಿನ ನೌಕೆಯೊಂದು ಏಳೂವರೆ ಕೋಟಿ ಕಿಲೋಮೀಟರ್ ದೂರದ ಮಂಗಳವನ್ನು ಎರಡು ದಿನದಲ್ಲಿ ಮುಟ್ಟುತ್ತದೆ. ಅರ್ಧ ದಾರಿಯವರೆಗೆ ಭೂಮಿಯ ಗುರುತ್ವದಷ್ಟೇ ವೇಗೋತ್ಕರ್ಷ. ಅಲ್ಲಿ ನೌಕೆ ಹಿಂದುಮುಂದಾಗಿ ತಿರುಗಿ, ಉಳಿದ ದಾರಿಯುದ್ದಕ್ಕೂ ಅಷ್ಟೇ ಬಲದಿಂದ ಬ್ರೇಕು ಹಾಕುತ್ತದೆ. ಹಾವೇರಿಯ ಪ್ರೌಢಶಾಲೆಯೊಂದರಲ್ಲಿ ಇದನ್ನು ಓದಿದಾಗ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಎಣ್ಣಿ ಟಾಕಿ ಎಷ್ಟು ದೊಡ್ಡದೈತ್ರಿ?" ಎಂದಳು. ನಾನು ತಡವರಿಸಿದೆ. ಎಂಜಿನ್ ಬೈಜಿಕ ಸಮ್ಮಿಲನದ್ದು (ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವಂಥದ್ದು) ಎಂದು ತಿದ್ದಿದರೆ ಸಾಕೇ?

ಉತ್ತರ (ಹುಬ್ಬಳ್ಳಿ)
ಸಾಲದು, ಸರ್. ನಡುದಾರಿಯಲ್ಲಿ ನಿಮ್ಮ ನೌಕೆಯ ವೇಗ ಸೆಕೆಂಡಿಗೆ ಸುಮಾರು 860 ಕಿ.ಮೀ.; ಏರಿಸುವುದು, ಇಳಿಸುವುದು ಎರಡೂ ಸೇರಿ ಸುಮಾರು 1,715. ರಷ್ಯದ ರಾಕೆಟ್ ವಿಜ್ಞಾನಿ ತ್ಸಿಯೋಲ್ಕೋವ್‌ಸ್ಕಿ 1903ರಲ್ಲಿ ಪ್ರಕಟಿಸಿದ ಸಮೀಕರಣದಂತೆ, ಈ ಮೊತ್ತವು ಅನಿಲ ಹೊರಚಿಮ್ಮುವ ವೇಗದ ಎಷ್ಟು ಪಟ್ಟಿದೆಯೋ ಅಷ್ಟು ಸಲ, ಇಂಧನ ಮುಗಿದ ಮೇಲೆ ಉಳಿಯುವ ತೂಕವನ್ನು 2.7ರಿಂದ ಗುಣಿಸುತ್ತ ಹೋದರೆ ಹೊರಡುವ ತೂಕ ಸಿಗುತ್ತದೆ. ದ್ರವ ಜಲಜನಕ ಮತ್ತು ಆಮ್ಲಜನಕ ಉರಿಸಿದರೆ ಹೊರಚಿಮ್ಮುವ ವೇಗ ಸೆಕೆಂಡಿಗೆ ಸುಮಾರು 4.5 ಕಿ.ಮೀ.; ಅಂದರೆ 380 ಸಲ ಗುಣಿಸಬೇಕು. ಕಾಣುವ ಬ್ರಹ್ಮಾಂಡವನ್ನೆಲ್ಲ ಟಾಕಿಗೆ ಸುರಿದರೂ ಸಾಲುವುದಿಲ್ಲ.

ಸಮ್ಮಿಲನದಿಂದ ಸೆಕೆಂಡಿಗೆ 10,000 ಕಿ.ಮೀ. ಹೊರಚಿಮ್ಮುವ ವೇಗ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಆಗ ನೂರು ಟನ್ನಿನಲ್ಲಿ ಇಂಧನ ಹದಿನಾರೇ ಟನ್. ನಿಜವಾದ ದೋಷ ಹೊರಬೀಳುವುದೇ ಇಲ್ಲಿ. ಇಷ್ಟು ವೇಗವೂ ಇಷ್ಟು ನೂಕುಬಲವೂ ಒಟ್ಟಿಗೆ ಬೇಕೆಂದರೆ ಎಂಜಿನ್ನಿನ ಶಕ್ತಿ 49 ಲಕ್ಷ ಮೆಗಾವ್ಯಾಟ್ ಆಗಬೇಕು. ಕೈಗಾ ಅಣುವಿದ್ಯುತ್ ಸ್ಥಾವರದ 220 ಮೆಗಾವ್ಯಾಟಿನ ನಾಲ್ಕು ಘಟಕಗಳು ಸೇರಿ 880; ಅಂಥ ಐದೂವರೆ ಸಾವಿರ ಕೈಗಾಗಳು!

ಲಾರಿ ಎಂಜಿನ್ ದುರಸ್ತಿ ನನ್ನ ಕಸುಬಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದು ರೇಡಿಯೇಟರಿನ ಮೇಲೆ. ಅರಬೈಲ್ ಘಟ್ಟ ಹತ್ತುವಾಗ ನೀರು ಕುದಿದರೆ ಲಾರಿಯನ್ನು ಬದಿಗೆ ನಿಲ್ಲಿಸಿದರಾಯಿತು, ಗಾಳಿಯೇ ಅದನ್ನು ತಣಿಸುತ್ತದೆ. ಅಂತರಿಕ್ಷದಲ್ಲಿ ಗಾಳಿಯಿಲ್ಲ, ಶಾಖ ಹೋಗುವ ದಾರಿ ವಿಕಿರಣವೊಂದೇ. ಎಂಜಿನ್ ಶಕ್ತಿಯ ಹತ್ತನೇ ಒಂದು ಪಾಲಿನಷ್ಟು ಮಾತ್ರ ಶಾಖವಾಗಿ ಒಳಗೆ ಉಳಿದರೂ, ಅದನ್ನು ಹೊರಸೂಸಲು 1,500 ಕೆಲ್ವಿನ್‌ಗೆ ಕಾದ ಫಲಕಗಳು, ಒಂದೇ ಮುಖದ ಲೆಕ್ಕದಲ್ಲಿ, 420 ಎಕರೆ ಬೇಕಾಗುತ್ತವೆ. ಚಿತ್ರಗಳಲ್ಲಿ ಎಂಜಿನ್ನಿಗೆ ನೀಲಿ ಬೆಳಕು ಬಳಿಯುವ ಕಲಾವಿದರು ಈ ಫಲಕಗಳನ್ನು ಬರೆಯುವುದೇ ಅಪರೂಪ, ಅದು ನನ್ನ ಹಳೆಯ ತಕರಾರು.

ವೇಗೋತ್ಕರ್ಷವನ್ನು ನೂರನೇ ಒಂದು ಪಾಲಿಗೆ ಇಳಿಸಿ, ಹೊರಚಿಮ್ಮುವ ವೇಗ ಸೆಕೆಂಡಿಗೆ 200 ಕಿ.ಮೀ. ಇರಲಿ. ಪ್ರಯಾಣ ಇಪ್ಪತ್ತು ದಿನ, ಶಕ್ತಿ 980 ಮೆಗಾವ್ಯಾಟ್, ಫಲಕ ಮೂರೂವರೆ ಗುಂಟೆ, ಇಂಧನ 58 ಟನ್.

ಪ್ರಶ್ನೆ (ಧಾರವಾಡ)
ವಿದ್ಯುದಾವೇಶದ ಕಣಗಳನ್ನು ಚಿಮ್ಮಿಸುವ, ಈಗಿರುವ ಅಯಾನು ಎಂಜಿನ್ನನ್ನೇ ಬಳಸಬಹುದಲ್ಲವೇ? ಇಪ್ಪತ್ತು ದಿನವಾದರೆ ಕಥೆಯ ಬಿಗಿ ಸಡಿಲವಾಗುತ್ತದೆಂಬ ಅಳುಕೂ ಇದೆ.

ಉತ್ತರ (ಗದಗ)
2007ರಲ್ಲಿ ಹೊರಟು ವೆಸ್ಟಾ ಮತ್ತು ಸೆರೆಸ್ ಎಂಬ ಪುಟ್ಟ ಆಕಾಶಕಾಯಗಳನ್ನು ಸುತ್ತಿದ ಡಾನ್ ನೌಕೆಯ ಅಯಾನು ಎಂಜಿನ್ನಿನಿಂದ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಕಣಗಳು ಚಿಮ್ಮುತ್ತಿದ್ದವು. ನೂಕುಬಲ ಮಾತ್ರ ಅಂಗೈ ಮೇಲಿಟ್ಟ ಒಂದೆರಡು ಹಾಳೆಯ ತೂಕದಷ್ಟು. ನಿಮ್ಮ ಅವಸರಕ್ಕೆ ಅದು ಒಗ್ಗುವುದಿಲ್ಲ.

ಬಿಗಿಯ ಚಿಂತೆ ಬೇಡ. ನಿಮ್ಮ ಇಪ್ಪತ್ತು ದಿನದ ನೌಕೆಯಲ್ಲಿ ಒಂದು ಮೀಟರ್ ಎತ್ತರದಿಂದ ಕೈಜಾರಿದ ಚಹಾದ ಲೋಟ ನೆಲ ಮುಟ್ಟಲು ನಾಲ್ಕೂವರೆ ಸೆಕೆಂಡ್ ಹಿಡಿಯುತ್ತದೆ. ಹನ್ನೊಂದನೆಯ ದಿನ ಫಲಕವೊಂದು ಸೀಳಿದರೆ ಎಂಜಿನ್ನನ್ನು ತಗ್ಗಿಸಲೇಬೇಕು, ತಗ್ಗಿಸಿದರೆ ಬ್ರೇಕು ಸಾಲದೆ ನೌಕೆ ಮಂಗಳವನ್ನು ದಾಟಿ ಹೋಗುತ್ತದೆ.

ಪ್ರಶ್ನೆ (ಧಾರವಾಡ)
ಫಲಕ ಸೀಳುವ ಪ್ರಸಂಗವನ್ನು ಇಂದು ರಾತ್ರಿಯೇ ಬರೆಯುತ್ತೇನೆ. ಟಾಕಿ 58 ಟನ್ನಿನದೆಂದು ಹಾವೇರಿಗೆ ಕಾಗದ ಹಾಕಿದ್ದೇನೆ.