ಯಾವ ಎಣ್ಣೆ, ಯಾರಿಗೆ, ಎಲ್ಲಿಗೆ? ಚರ್ಮರೋಗ ವೈದ್ಯರ ಜೊತೆ ಪ್ರಶ್ನೋತ್ತರ

ನಿರ್ವಾಹಕಿ: ರಾತ್ರಿ 8ರಿಂದ 9ರವರೆಗೆ ಡಾಕ್ಟರ್ ಮೇಡಂ ನಮ್ಮ ಜೊತೆ ಇರ್ತಾರೆ. ಕೂದಲಿಗೆ, ಮೈಗೆ ಹಚ್ಚೋ ಎಣ್ಣೆ ಬಗ್ಗೆ ಮಾತ್ರ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸದಸ್ಯೆ, ದಾವಣಗೆರೆ: ನಮಸ್ತೆ ಮೇಡಂ. ಕೂದಲು ಕೈಗೆ ಕಿತ್ತು ಬರ್ತಿದೆ. ಹರಳೆಣ್ಣೆ ಹಚ್ಚಿದ್ರೆ ದಟ್ಟವಾಗಿ ಬೆಳೆಯುತ್ತಾ?

ಡಾಕ್ಟರ್: ನಮಸ್ತೆ. ಹರಳೆಣ್ಣೆಯಿಂದ ಹೊಸ ಕೂದಲು ಹುಟ್ಟಲ್ಲ. ಅದು ಬಲು ಅಂಟು. ಉದ್ದ ಕೂದಲಿಗೆ ಹಚ್ಚಿ ತೊಳೆದ ಮೇಲೆ ಗಂಟುಗಟ್ಟಿ, ಕೊನೆಗೆ ಕತ್ತರಿಸಲೇಬೇಕಾಗಿ ಬಂದ ಉದಾಹರಣೆ ವೈದ್ಯಕೀಯ ಪತ್ರಿಕೆಯಲ್ಲೇ ಇದೆ. ಕೊಬ್ಬರಿ ಎಣ್ಣೆ ವಾಸಿ. ಅದರ ಲಾರಿಕ್ ಆಮ್ಲ ಎಳೆಯೊಳಗೆ ಇಳಿದು, ತೊಳೆಯುವಾಗ ಬಾಚುವಾಗ ಪ್ರೋಟೀನ್ ನಷ್ಟವಾಗೋದನ್ನ ತಗ್ಗಿಸುತ್ತೆ. ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಜೊತೆ ಹೋಲಿಸಿದ 2003ರ ಅಧ್ಯಯನದಲ್ಲಿ ಈ ಗುಣ ಕಂಡಿದ್ದು ಕೊಬ್ಬರಿ ಎಣ್ಣೆಯಲ್ಲಿ ಮಾತ್ರ. ಆದ್ರೆ ಇದರಿಂದ ಕೂದಲು ತುಂಡಾಗೋದು ಕಮ್ಮಿ ಆಗುತ್ತೆ, ಬುಡದಿಂದ ಉದುರೋದು ನಿಲ್ಲಲ್ಲ. ಎರಡು ಮೂರು ತಿಂಗಳ ಹಿಂದೆ ಜೋರು ಜ್ವರ, ಹೆರಿಗೆ, ಆಪರೇಷನ್ ಏನಾದ್ರೂ ಆಗಿತ್ತಾ? ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಥೈರಾಯ್ಡ್ ನೋಡಿಸಿ.

ಸದಸ್ಯ, ಬೆಂಗಳೂರು: ತಲೆ ತುಂಬ ಹೊಟ್ಟು, ಕೆರೆತ. ರಾತ್ರಿ ಎಣ್ಣೆ ಹಾಕಿ ಬೆಳಗ್ಗೆ ತೊಳೀತೀನಿ, ಆದ್ರೂ ಹೋಗ್ತಿಲ್ಲ.

ಡಾಕ್ಟರ್: ಹೊಟ್ಟಿಗೆ ಕಾರಣವಾದ ಮಲಸೀಜಿಯ ಅನ್ನೋ ಶಿಲೀಂಧ್ರ ಕೊಬ್ಬನ್ನೇ ತಿಂದು ಬದುಕುತ್ತೆ. ರಾತ್ರಿಯೆಲ್ಲ ಎಣ್ಣೆ ಇಟ್ರೆ ಅದಕ್ಕೆ ಊಟ ಹಾಕಿದಂಗೆ. ಎಣ್ಣೆ ನಿಲ್ಲಿಸಿ. ಕೀಟೊಕೊನಜೋಲ್ 2% ಶಾಂಪೂ ವಾರಕ್ಕೆ ಎರಡು ಸಲ, ನೊರೆ ಐದು ನಿಮಿಷ ಬಿಟ್ಟು ತೊಳೀರಿ, ನಾಲ್ಕು ವಾರ.

ಸದಸ್ಯೆ, ಹಾಸನ: ಮೇಡಂ, ನಾನು ಬಾಣಂತಿ, ಮಗುಗೆ ಒಂದೂವರೆ ತಿಂಗಳು. ಕತ್ತಿನ ಮಡಿಕೆಯಲ್ಲಿ ಕೆಂಪಗಾಗಿದೆ. ಮೈಗೆ ಆಲಿವ್ ಎಣ್ಣೆ ಒಳ್ಳೇದಾ, ಬಾದಾಮಿ ಎಣ್ಣೆನಾ? ಈಗ ನೀರು ಹಾಕೋಕೆ ಬರೋ ಅಜ್ಜಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಎದೆ, ನೆತ್ತಿಗೆ ಹಚ್ತಾರೆ. ಮೂಗಿಗೂ ಎರಡೆರಡು ತೊಟ್ಟು ಬಿಡ್ತಾರೆ. ಮೂರು ದಿನದಿಂದ ಸ್ವಲ್ಪ ಕೆಮ್ಮು.

ಡಾಕ್ಟರ್: ಅಮ್ಮಾ, ಯಾವ ಎಣ್ಣೆ ಅನ್ನೋದು ಆಮೇಲೆ. ಮೊದಲು ಮಗು ಶಾಂತವಾಗಿ ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ಇಟ್ಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ, ಪಕ್ಕೆ ಒಳಗೆ ಎಳೀತಿದ್ರೆ, ಹಾಲು ಕುಡಿಯೋದು ಕಮ್ಮಿ ಆಗಿದ್ರೆ, ಮೈ ಬಿಸಿ ಇದ್ರೆ ಈಗಲೇ ಮಕ್ಕಳ ಡಾಕ್ಟರ್ ಹತ್ರ ಹೊರಡಿ. ಇವು ಯಾವುದೂ ಇಲ್ಲದಿದ್ರೂ ನಾಳೆ ಬೆಳಗ್ಗೆ ತೋರಿಸಲೇಬೇಕು.

ನನಗೆ ಯಾಕೆ ಇಷ್ಟು ಭಯ ಅಂದ್ರೆ, ನೀರು ಗಂಟಲಲ್ಲಿ ತಪ್ಪು ದಾರಿ ಹಿಡಿದ್ರೆ ಕೂಡಲೇ ಕೆಮ್ಮು ಬರುತ್ತೆ. ಎಣ್ಣೆ ಹಾಗಲ್ಲ, ಕೆಮ್ಮು ಬರಿಸದೇ ಜಾರಿ ಶ್ವಾಸಕೋಶಕ್ಕೆ ಇಳಿದುಬಿಡಬಹುದು. ಇಳಿದದ್ದನ್ನ ಶ್ವಾಸಕೋಶ ಸುಲಭಕ್ಕೆ ಹೊರಗೆ ಹಾಕಲಾರದು. ದಿನಾ ತೊಟ್ಟು ತೊಟ್ಟಾಗಿ ಸೇರಿ ನ್ಯುಮೋನಿಯ ಆಗುತ್ತೆ, ಲಿಪಾಯ್ಡ್ ನ್ಯುಮೋನಿಯ ಅಂತಾರೆ. ಮೂಗು, ಕಿವಿ, ಬಾಯಿ, ಯಾವುದಕ್ಕೂ ಎಣ್ಣೆ ಬೇಡ.

ಕರ್ಪೂರ ಇನ್ನೂ ಅಪಾಯ. ಮಗುವಿನ ಚರ್ಮ ತೆಳು, ಪಿತ್ತಜನಕಾಂಗ ಇನ್ನೂ ಬಲಿತಿಲ್ಲ. ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಹೋದ ಕರ್ಪೂರಕ್ಕೆ ಮಕ್ಕಳಿಗೆ ಫಿಟ್ಸ್ ಬಂದಿದೆ. ಆ ಎಣ್ಣೆ ಬಾಟಲಿ ಚೆಲ್ಲಬೇಡಿ, ಡಾಕ್ಟರ್‌ಗೆ ತೋರಿಸೋಕೆ ಜೊತೆಗೆ ತಗೊಂಡು ಹೋಗಿ. ಅಜ್ಜಿ ಪ್ರೀತಿಯಿಂದಲೇ ಮಾಡ್ತಾರೆ, ಅವರನ್ನ ಬೈಬೇಡಿ. ಡಾಕ್ಟರ್ ಬೇಡ ಅಂದಿದ್ದಾರೆ ಅಂತ ನನ್ನ ಮೇಲೇ ಹಾಕಿ.

ಕತ್ತಿನ ಮಡಿಕೆಗೆ ಎಣ್ಣೆಯೇ ಬೇಡ. ಬೆವರು, ಹಾಲು, ಎಣ್ಣೆ ಸೇರಿ ನೆನೆದು ಕೆಂಪಾಗಿರಬಹುದು. ಸ್ನಾನ ಆದ್ಮೇಲೆ ಮಡಿಕೆ ಬಿಡಿಸಿ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಆಲಿವ್ ಎಣ್ಣೆಯಲ್ಲಿ ಓಲೆಯಿಕ್ ಆಮ್ಲ ಜಾಸ್ತಿ, ಅದು ಚರ್ಮದ ರಕ್ಷಣಾ ಪದರವನ್ನೇ ಸಡಿಲ ಮಾಡುತ್ತೆ. ಮಸಾಜ್ ಮಾಡಲೇಬೇಕಂದ್ರೆ ಬರೀ ಕೊಬ್ಬರಿ ಎಣ್ಣೆ, ತೆಳ್ಳಗೆ, ಮೈಕೈಗೆ ಮಾತ್ರ, ಅದೂ ಕೆಮ್ಮು ವಾಸಿ ಆದ್ಮೇಲೆ.

ಸದಸ್ಯೆ, ಮಂಡ್ಯ: ನಾವೆಲ್ಲ ಮೂಗಿಗೆ ಎಣ್ಣೆ ಬಿಡಿಸ್ಕೊಂಡೇ ಬೆಳೆದಿದ್ದು. ಏನಾಗಿದೆ ನಮಗೆ?

ಡಾಕ್ಟರ್: ನೀವು ಬದುಕಿದ್ದೀರಿ, ಸಂತೋಷ. ಏನಾದ್ರೂ ಆದ ಮಕ್ಕಳು ಇಲ್ಲಿ ಬಂದು ಬರೆಯಲ್ಲ.

ಎಣ್ಣೆ ಗಾಣದವರು, ತಿಪಟೂರು: ಮೇಡಂ, ದೋಷ ಎಣ್ಣೇದಲ್ಲ, ರಿಫೈನ್ಡ್ ಎಣ್ಣೇದು. ಗಾಣದ್ದು ಯಾವ ಮಗುಗೂ ತೊಂದರೆ ಮಾಡಲ್ಲ.

ಸದಸ್ಯ, ಮೈಸೂರು: ಈಗಿನ ರೇಟಲ್ಲಿ ಗಾಣದ್ದು ಯಾರು ತಗೋತಾರೆ ಸ್ವಾಮಿ? ಅಂಗಡೀಲಿ ಸಿಗೋ ಸಣ್ಣ ಬಾಟಲಿ ಕೊಬ್ಬರಿ ಎಣ್ಣೆಯೂ ತಿನ್ನೋ ಎಣ್ಣೆನೇ. 2024ರ ಡಿಸೆಂಬರ್‌ನಲ್ಲಿ ತೆರಿಗೆ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಎಣ್ಣೆ ಗಾಣದವರು, ತಿಪಟೂರು: ಕೋರ್ಟ್ ಹೇಳಿದ್ದು ತೆರಿಗೆ ಲೆಕ್ಕ, ಗುಣಮಟ್ಟ ಅಲ್ಲ. ಗೊತ್ತಿಲ್ದೆ ಮಾತಾಡಬೇಡಿ.

ಸದಸ್ಯ, ಮೈಸೂರು: ವ್ಯಾಪಾರ ಮಾಡೋಕೆ ಗ್ರೂಪಿಗೆ ಬಂದಿರೋರು ನನಗೆ ಪಾಠ ಹೇಳ್ಬೇಡಿ.

ಡಾಕ್ಟರ್: ಗಾಣದ್ದೇ ಆಗಲಿ, ಕಾರ್ಖಾನೆಯದೇ ಆಗಲಿ, ಶ್ವಾಸಕೋಶಕ್ಕೆ ಎರಡೂ ಎಣ್ಣೆಯೇ. ಹಾಸನದ ತಾಯಿ, ಎಣಿಸಿದ್ರಾ?

ಸದಸ್ಯೆ, ಉಡುಪಿ: ಗಂಡನ ಗಡ್ಡಕ್ಕೆ ಯಾವ ಎಣ್ಣೆ ಹಚ್ಚಬಹುದು?

ಸದಸ್ಯೆ, ದುಬೈ: ರೋಸ್‌ಮೇರಿ ಎಣ್ಣೆ, ಕೂದಲು ಬೆಳೆಯೋಕೆ ಹಚ್ಚೋ ಔಷಧಿ ಮಿನಾಕ್ಸಿಡಿಲ್‌ನಷ್ಟೇ ಕೆಲಸ ಮಾಡುತ್ತಂತೆ? ನೇರ ಬುರುಡೆಗೆ ಹಚ್ತಿದ್ದೀನಿ, ಉರಿ.

ಡಾಕ್ಟರ್: ಉರಿ ಬರದೇ ಇರುತ್ತಾ? ಸುಗಂಧ ತೈಲ ನೇರ ಹಚ್ಚೋದಲ್ಲ, ಕೊಬ್ಬರಿ ಅಥವಾ ಜೊಜೊಬದಂಥ ಎಣ್ಣೆಯಲ್ಲಿ ಬೆರೆಸಬೇಕು. 10 ಮಿಲಿಗೆ ನಾಲ್ಕು ಹನಿ ಹಾಕಿದ್ರೆ ಸುಮಾರು 2% ಆಯ್ತು, ಅದಕ್ಕಿಂತ ಜಾಸ್ತಿ ಬೇಡ. ಈಗ ಪೂರ್ತಿ ನಿಲ್ಲಿಸಿ. ಉರಿ ಹೋದ ಮೇಲೂ ಮೊದಲು ಮುಂಗೈ ಒಳಭಾಗಕ್ಕೆ ಒಂದು ವಾರ ಹಚ್ಚಿ ನೋಡಿ. ನೀವು ಹೇಳೋ 2015ರ ಅಧ್ಯಯನ ಹೋಲಿಸಿದ್ದು 2% ಮಿನಾಕ್ಸಿಡಿಲ್ ಜೊತೆ, ಒಂದೊಂದು ಗುಂಪಲ್ಲಿ 50 ಜನ, ಆರು ತಿಂಗಳು. ಅಷ್ಟರ ಮೇಲೆ ನಾನು ಔಷಧಿ ಬಿಡಿಸಲ್ಲ.

ಸದಸ್ಯೆ, ಹುಬ್ಬಳ್ಳಿ: ಮೇಡಮ್ಮಾರ, ಕೂದ್ಲ ಉದುರಾಕ ಹತ್ಯಾವ, ಯಾವ ಎಣ್ಣಿ ಹಚ್ಚಬೇಕ್ರಿ?

ಡಾಕ್ಟರ್: ಮೇಲೆ ದಾವಣಗೆರೆಯವರಿಗೆ ಬರೆದಿದ್ದೀನಿ. ಓದಿ.

ಸದಸ್ಯ, ತುಮಕೂರು: ಫಾರ್ವರ್ಡ್ ಮಾಡಿದ್ದು: ಈರುಳ್ಳಿ ರಸ, ನಿಂಬೆರಸ, ಹರಳೆಣ್ಣೆ ಸಮ ಸಮ ಬೆರೆಸಿ ಹಚ್ಚಿ ಬಿಸಿಲಲ್ಲಿ ಒಂದು ಗಂಟೆ ಕೂತರೆ ಬೋಳುತಲೆಯಲ್ಲೂ ಕೂದಲು!

ಡಾಕ್ಟರ್: ಅಳಿಸಿ. ನಿಂಬೆರಸ ಹಚ್ಚಿ ಬಿಸಿಲಲ್ಲಿ ಕೂತರೆ ಚರ್ಮ ಸುಟ್ಟು ಬೊಬ್ಬೆ ಬರುತ್ತೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ಹಣೆ ಸುಟ್ಕೊಂಡು ಬಂದೋರನ್ನ ನೋಡೋಳು ನಾನು, ಫಾರ್ವರ್ಡ್ ಕಳಿಸೋರಲ್ಲ.

ಸದಸ್ಯ, ತುಮಕೂರು: ಇಂಗ್ಲಿಷ್ ಔಷಧಿ ಮಾರಬೇಕಲ್ಲ, ಅದಕ್ಕೆ ಹೀಗಂತೀರಿ.

ಸದಸ್ಯೆ, ದಾವಣಗೆರೆ: ಬಿಟ್ಟಿ ಸಲಹೆ ಕೊಡೋರಿಗೆ ಹೀಗಾ ಮಾತಾಡೋದು?

ಸದಸ್ಯೆ, ಮಂಡ್ಯ: ಅವರು ಕೇಳಿದ್ರಲ್ಲಿ ತಪ್ಪೇನಿದೆ?

ನಿರ್ವಾಹಕಿ: ತುಮಕೂರಿನವರನ್ನ ಇವತ್ತಿಗೆ ಮ್ಯೂಟ್ ಮಾಡಿದ್ದೀನಿ.

ಸದಸ್ಯೆ, ಹಾಸನ: ಮೇಡಂ, ಎರಡು ಸಲ ಎಣಿಸಿದೆ. 64, 66.

ಡಾಕ್ಟರ್: ಹೊರಡಿ. ಮಕ್ಕಳ ವಿಭಾಗ ಇರೋ ದೊಡ್ಡ ಆಸ್ಪತ್ರೆಗೇ ಹೋಗಿ, ಗಾಡಿ ಇಲ್ಲದಿದ್ರೆ 108ಕ್ಕೆ ಮಾಡಿ. ಮೂಗಿಗೆ ಎಣ್ಣೆ ಬಿಟ್ಟಿದ್ದು, ಕರ್ಪೂರ ಹಚ್ಚಿದ್ದು, ಎಷ್ಟು ದಿನದಿಂದ ಅಂತ ಹೋದ ಕೂಡಲೇ ಹೇಳಿ. ನಿಮಗೆ ಖಾಸಗಿಯಾಗಿ ನನ್ನ ನಂಬರ್ ಕಳಿಸ್ತಿದ್ದೀನಿ.

ಸದಸ್ಯೆ, ಉಡುಪಿ: ಗಡ್ಡದ್ದು ಕೇಳಿದ್ದೆ...

ನಿರ್ವಾಹಕಿ: ಡಾಕ್ಟರ್ ಫೋನಲ್ಲಿದ್ದಾರೆ. ಉಳಿದ ಪ್ರಶ್ನೆ ಮುಂದಿನ ವಾರ.